ಗಂಟೆಗೂ ತೋಪಿಗೂ ಒಂದೇ ಕಂಚು

ದೇವಸ್ಥಾನದ ಗಂಟೆಯನ್ನು ಯಾವುದರಿಂದ ಮಾಡುತ್ತಾರೆ? ಹತ್ತು ಜನರನ್ನು ಕೇಳಿ ನೋಡಿ. ಒಂಬತ್ತು ಜನ "ಪಂಚಲೋಹ" ಅಂತಾರೆ. ಹತ್ತನೆಯವರು ಇನ್ನೂ ಸ್ವಲ್ಪ ಉದಾರಿಗಳಾಗಿದ್ದರೆ "ಅಷ್ಟಧಾತು" ಅಂದುಬಿಡುತ್ತಾರೆ. "ಬಂಗಾರ ಹಾಕಿದ್ದಾರೆ ಕಣ್ರೀ, ಅದಕ್ಕೇ ಆ ನಾದ" ಎಂಬ ಸೇರ್ಪಡೆ ಹೇಗೂ ಇದ್ದೇ ಇರುತ್ತದೆ. ಮೂವತ್ತು ವರ್ಷಗಳ ಮುಂಬಯಿ ವಾಸದಲ್ಲಿ ನಾನು ಈ ಮಾತನ್ನು ಕನ್ನಡ, ಮರಾಠಿ, ಹಿಂದಿ, ಗುಜರಾತಿ ನಾಲ್ಕರಲ್ಲೂ ಕೇಳಿದ್ದೇನೆ. ಭಾಷೆ ಬೇರೆ, ನಂಬಿಕೆ ಒಂದೇ!

ನಿಜ ಹೇಳಬೇಕೆಂದರೆ ಒಳ್ಳೆಯ ಗಂಟೆಗೆ ಐದು ಲೋಹ ಬೇಡ, ಎರಡು ಸಾಕು. ತಾಮ್ರ ಮತ್ತು ತವರ. ಸುಮಾರು 78 ಪಾಲು ತಾಮ್ರಕ್ಕೆ 22 ಪಾಲು ತವರ. ಇದೇ ಗಂಟೆಯ ಕಂಚು. ಯುರೋಪಿನ ಚರ್ಚಿನ ಗಂಟೆಗಳನ್ನು ಶತಮಾನಗಳ ಕಾಲ ಎರಕ ಹೊಯ್ದದ್ದು ಹೆಚ್ಚುಕಡಿಮೆ ಈ ಲೆಕ್ಕದಲ್ಲೇ. ಅದೇ ಎರಡು ಲೋಹಗಳನ್ನು 90 ಪಾಲು ತಾಮ್ರ, 10 ಪಾಲು ತವರದ ಲೆಕ್ಕದಲ್ಲಿ ಬೆರೆಸಿದರೆ? ಅದು ತೋಪಿನ ಕಂಚು! ಗಂಟೆಗೂ ತೋಪಿಗೂ ನಡುವೆ ಇರುವುದು ಒಂದಿಷ್ಟು ತವರದ ವ್ಯತ್ಯಾಸ ಮಾತ್ರ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಇತಿಹಾಸದ ಎಷ್ಟೋ ಘಟನೆಗಳು ಬೇರೆಯೇ ರೀತಿ ಕಾಣತೊಡಗುತ್ತವೆ. ಇವತ್ತು ಬರೆಯಹೊರಟಿರುವುದು ಅದನ್ನೇ.

ಮೊದಲು ಈ ತವರದ ಬಗ್ಗೆ ಎರಡು ಮಾತು. ತವರ ಅಂದರೆ ಈಗಿನ ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ. ಕಲಾಯಿಯವನನ್ನು ನೆನಪಿಸಿಕೊಳ್ಳಿ. ಬೀದಿಯಲ್ಲಿ ಕೂತು, ತಿದಿ ಒತ್ತಿ, ಹಿತ್ತಾಳೆ ಪಾತ್ರೆಯನ್ನು ಕೆಂಪಗೆ ಕಾಯಿಸಿ, ಬೆಳ್ಳಗಿನ ಒಂದು ಕಡ್ಡಿಯನ್ನು ಮುಟ್ಟಿಸಿ, ಹತ್ತಿಯಿಂದ ಒರೆಸಿದ ಕೂಡಲೇ ಪಾತ್ರೆಯ ಒಳಗೆಲ್ಲ ಬೆಳದಿಂಗಳು ಚೆಲ್ಲಿದ ಹಾಗೆ ಆಗುತ್ತಿತ್ತಲ್ಲ, ಆ ಕಡ್ಡಿಯೇ ತವರ. 232 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗಿಬಿಡುವ ಮೆತ್ತನೆಯ ಲೋಹ. ತಾಮ್ರವೂ ಮೆತ್ತಗೇ. ಅದು ಕರಗಲು 1085 ಡಿಗ್ರಿ ಬೇಕು. ಆದರೆ ಈ ಎರಡು ಮೆತ್ತನೆಯ ಲೋಹಗಳನ್ನು ಗಂಟೆಯ ಲೆಕ್ಕದಲ್ಲಿ ಕೂಡಿಸಿ ನೋಡಿ, ಹುಟ್ಟುವುದು ಗಾಜಿನಂತೆ ಗಡುಸಾದ, ಗಾಜಿನಂತೆಯೇ ಬಿರುಕು ಬಿಡುವ ಮೂರನೆಯದೊಂದು ವಸ್ತು! ಇನ್ನೊಂದು ಅನುಕೂಲ ಏನೆಂದರೆ ಈ ಮಿಶ್ರಣ 900 ಡಿಗ್ರಿ ಆಸುಪಾಸಿನಲ್ಲೇ ನೀರಾಗುತ್ತದೆ, ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯುತ್ತದೆ.

ನಾದ ಬರುವುದು ಆ ಗಡಸುತನದಿಂದ. ಬರೀ ತಾಮ್ರದ ತಂಬಿಗೆಯನ್ನು ಬಡಿದರೆ 'ಠಣ್' ಅಂದು ಸುಮ್ಮನಾಗುತ್ತದೆ. ಕಂಪನವನ್ನು ಲೋಹವೇ ನುಂಗಿಕೊಳ್ಳುತ್ತದೆ. ತವರ ಸೇರಿದ ಮೇಲೆ ನುಂಗುವುದು ನಿಲ್ಲುತ್ತದೆ, ಕಂಪನ ಬಹಳ ಹೊತ್ತು ಉಳಿಯುತ್ತದೆ. ಹೊಡೆದ ನಂತರವೂ ಗುಂಯ್‌ಗುಡುತ್ತಾ ನಿಧಾನಕ್ಕೆ ಕರಗುತ್ತದಲ್ಲ, ಅದು ತವರದ ಕೊಡುಗೆ. ಸತು ಬೆರೆತ ಹಿತ್ತಾಳೆಗೆ ಅಷ್ಟು ದಮ್ಮಿಲ್ಲ. ಸೀಸ ಬೆರೆಸಿದರಂತೂ ಸದ್ದಿಗೆ ಕಂಬಳಿ ಹೊದಿಸಿದ ಹಾಗೆ. ಚಿನ್ನ, ಬೆಳ್ಳಿ? ಎರಡೂ ಮೆತ್ತನೆಯ ಲೋಹಗಳೇ. ಚಿಟಿಕೆ ಹಾಕಿದರೆ ಏನೂ ಆಗದು, ಹೆಚ್ಚು ಹಾಕಿದರೆ ನಾದ ಕೆಡುತ್ತದೆ. ಯುರೋಪಿನಲ್ಲೂ ಬೆಳ್ಳಿ ಹಾಕಿದರೆ ಗಂಟೆ ಸವಿಯಾಗುತ್ತದೆ ಎಂಬ ನಂಬಿಕೆ ಬಹಳ ಕಾಲ ಇತ್ತು. ಬಂಗಾರಕ್ಕೆ ಕಂಚಿನಷ್ಟು ಸದ್ದಿಲ್ಲ ಅಂತ ನಮ್ಮ ಸಂಸ್ಕೃತದ ಸುಭಾಷಿತಕಾರ ಆಡಂಬರದವರನ್ನು ಚುಚ್ಚಲು ಹೇಳಿದ್ದು ಲೋಹಶಾಸ್ತ್ರದ ಪ್ರಕಾರವೂ ಅಕ್ಷರಶಃ ನಿಜ! ನಮ್ಮ ಕನ್ನಡಕ್ಕೂ ಇದು ಗೊತ್ತಿತ್ತು. ಮೈಕಿಲ್ಲದೆ ಕೊನೆಯ ಸಾಲಿನವರೆಗೂ ಮುಟ್ಟಿಸುವ ನಟನಿಗೆ 'ಕಂಚಿನ ಕಂಠ' ಅಂತೀವಿ. ಯಾರಾದರೂ 'ಪಂಚಲೋಹದ ಕಂಠ' ಅಂದದ್ದನ್ನು ಕೇಳಿದ್ದೀರಾ?

ಹಾಗಾದರೆ ಪಂಚಲೋಹ ಸುಳ್ಳೇ? ಸುಳ್ಳಲ್ಲ. ಅದು ಮೂರ್ತಿಗಳ ಶಾಸ್ತ್ರ, ಪಾವಿತ್ರ್ಯದ ಲೆಕ್ಕ. ಅಲ್ಲೂ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ಹಳೆಯ ಲೋಹಮೂರ್ತಿಗಳನ್ನು ಪರೀಕ್ಷಿಸಿದಾಗ ಕಂಡದ್ದು ಮುಖ್ಯವಾಗಿ ತಾಮ್ರ, ಜೊತೆಗೆ ತವರ ಮತ್ತು ಸೀಸ. ಚಿನ್ನ ಬೆಳ್ಳಿ ಇದ್ದದ್ದು ಲವಲೇಶ. ಮೂರ್ತಿ ಮಾತಾಡಬೇಕಿಲ್ಲ, ಸೀಸವಿದ್ದರೂ ನಡೆಯುತ್ತದೆ. ಗಂಟೆಯ ಕೆಲಸವೇ ಮಾತಾಡುವುದು.

ತವರದ ಪ್ರಮಾಣ ಎಂಥ ಸೂಕ್ಷ್ಮ ಅನ್ನುವುದಕ್ಕೆ ಅಮೆರಿಕದ 'ಲಿಬರ್ಟಿ ಬೆಲ್' ಕಥೆ ಕೇಳಿ. 1752ರಲ್ಲಿ ಲಂಡನ್ನಿನಿಂದ ಫಿಲಡೆಲ್ಫಿಯಾಕ್ಕೆ ಬಂದ ಗಂಟೆ ಪರೀಕ್ಷೆಗೆಂದು ಬಾರಿಸಿದಾಗಲೇ ಬಿರುಕು ಬಿಟ್ಟಿತು. ಪಾಸ್ ಮತ್ತು ಸ್ಟೋ ಎಂಬ ಸ್ಥಳೀಯ ಎರಕದವರು ಅದನ್ನು ಕರಗಿಸಿ, ಇನ್ನು ಒಡೆಯಬಾರದು ಅಂತ ಮೇಲಿಂದ ಒಂದಿಷ್ಟು ತಾಮ್ರ ಸೇರಿಸಿ ಮತ್ತೆ ಹೊಯ್ದರು. ಗಂಟೆ ಗಟ್ಟಿಯಾಯಿತು, ಸದ್ದು ಸತ್ತಿತು! ಊರೆಲ್ಲ ನಕ್ಕಿತು. 1753ರಲ್ಲಿ ಇನ್ನೊಮ್ಮೆ ಕರಗಿಸಿ ಹೊಯ್ಯಬೇಕಾಯಿತು. ಲಂಡನ್ನಿನ ಬಿಗ್ ಬೆನ್‌ನದ್ದು ಇದರ ತದ್ವಿರುದ್ಧ. 22 ಪಾಲು ತಾಮ್ರಕ್ಕೆ 7 ಪಾಲು ತವರ ಅಂತ ತವರ ತುಸು ಮುಂದೆ ಹೋಯಿತು. 1858ರಲ್ಲಿ ಎರಕವಾದ ಗಂಟೆ 1859ರಲ್ಲೇ ಸೀಳಿತು. ಅದನ್ನು ಸ್ವಲ್ಪ ತಿರುಗಿಸಿ, ಹಗುರ ಸುತ್ತಿಗೆ ಹಾಕಿ ಇವತ್ತಿಗೂ ಬಾರಿಸುತ್ತಿದ್ದಾರೆ. ಲೋಕವೆಲ್ಲ ಮೆಚ್ಚುವ ಆ ಧ್ವನಿ ಒಂದು ಒಡಕು ಗಂಟೆಯದು!

ಇರಲಿ, ಈಗ ನಮ್ಮ ಊರಿಗೆ ಬರೋಣ. ನಮ್ಮ ಊರು ಅಂದರೆ ವಸಾಯಿ. ವಿರಾರ್ ಲೋಕಲ್ಲಿನಲ್ಲಿ ನೇತಾಡಿಕೊಂಡು ಹೋಗುವ ನಮ್ಮ ಎಷ್ಟೋ ಕನ್ನಡಿಗರಿಗೆ ಅದು ಒಂದು ಸ್ಟೇಷನ್ನಿನ ಹೆಸರು ಅಷ್ಟೆ. ಆದರೆ 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಾಹನಿಂದ ಇದನ್ನು ಪಡೆದ ಪೋರ್ಚುಗೀಸರು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿಂದ ಉತ್ತರ ಕೊಂಕಣವನ್ನು ಆಳಿದರು. ಕೋಟೆಯೊಳಗೆ ಚರ್ಚುಗಳ ಸಾಲೇ ಇತ್ತು. ಈಗ ಹೋದರೆ ಮಾಡಿಲ್ಲದ ಗೋಡೆಗಳು, ಅವುಗಳ ಮೇಲೆ ಬೆಳೆದ ಆಲದ ಬೇರು. ಸೇಂಟ್ ಜೋಸೆಫ್ ಚರ್ಚಿನ ಗೋಪುರ ಮಾತ್ರ ನೆಟ್ಟಗೆ ನಿಂತಿದೆ. ಗಂಟೆಗಳು ಇಲ್ಲ.

ಎಲ್ಲಿ ಹೋದವು? 1739ರ ಮೇ ತಿಂಗಳಲ್ಲಿ, ತಿಂಗಳುಗಟ್ಟಲೆ ನಡೆದ ಮುತ್ತಿಗೆಯ ನಂತರ, ಒಂದನೇ ಬಾಜಿರಾಯ ಪೇಶ್ವೆಯ ತಮ್ಮ ಚಿಮಾಜಿ ಅಪ್ಪಾ ವಸಾಯಿ ಕೋಟೆಯನ್ನು ಗೆದ್ದ. ಗೆಲುವಿನ ಗುರುತಾಗಿ ಗಂಟೆಗಳು ಘಟ್ಟ ಹತ್ತಿ ದೇವಸ್ಥಾನಗಳಿಗೆ ಹೋದವು ಎಂಬುದು ಮಹಾರಾಷ್ಟ್ರದ ತುಂಬಾ ಇರುವ ಮಾತು. ಭೀಮಾಶಂಕರದಲ್ಲಿ ಒಂದು, ನಾಸಿಕದ ನಾರೋಶಂಕರ ಗುಡಿಯ ಹೆಬ್ಬಾಗಿಲ ಮೇಲೆ ಒಂದು, ವಾಯಿ ಹತ್ತಿರದ ಮೇಣವಲಿಯಲ್ಲಿ ಒಂದು. ಹೀಗೆ ಪಟ್ಟಿ ಬೆಳೆಯುತ್ತದೆ.

ಮೇಣವಲಿಯದನ್ನು ನಾನು ಹೋಗಿ ನೋಡಿದ್ದೇನೆ. ಶಾರುಖ್ ಖಾನನ 'ಸ್ವದೇಸ್' (2004) ನೋಡಿದವರಿಗೆ ಆ ನದಿ, ಆ ಮೆಟ್ಟಿಲು ಕಣ್ಣಿಗೆ ಕಟ್ಟೀತು. ಚಿತ್ರೀಕರಣ ನಡೆದದ್ದು ಅಲ್ಲೇ. ಕೃಷ್ಣೆಯ ಸೋಪಾನಗಳ ಮೇಲೆ, ಶಿವನ ಗುಡಿಯ ಎದುರು, ಒಂದು ಪುಟ್ಟ ಕಲ್ಲಿನ ಕಟ್ಟೋಣದಲ್ಲಿ ಗಂಟೆ ತೂಗುತ್ತಿದೆ. ಮೈಮೇಲೆ 1707 ಎಂಬ ಇಸವಿ. ಮಗುವನ್ನು ಎತ್ತಿಕೊಂಡ ಮೇರಿ ಮಾತೆಯ ಉಬ್ಬುಚಿತ್ರ. ಅಲ್ಲಿ ಕೂತಿದ್ದ ಅಜ್ಜ ಕೇಳದೆಯೇ ಹೇಳಿದರು, "ಪಂಚಧಾತೂಚೀ ಆಹೇ". ನಾನು ಬೆರಳ ಗೆಣ್ಣಿನಿಂದ ಅಂಚನ್ನು ತಟ್ಟಿದೆ. ಅಷ್ಟಕ್ಕೇ ಎದೆಯೊಳಗೆ ಇಳಿಯುವಂಥ ಸಣ್ಣ ಗುಂಯ್. ಅಜ್ಜನ ಜೊತೆ ವಾದ ಮಾಡಬೇಕು ಅನ್ನಿಸಲಿಲ್ಲ.

ಇಲ್ಲಿ ಇಸವಿಗಳನ್ನು ಸ್ವಲ್ಪ ಜೋಡಿಸಿ ನೋಡಿ. ಮೇಣವಲಿ ಹಳ್ಳಿ ನಾನಾ ಫಡ್ನವೀಸರಿಗೆ ಇನಾಮಾಗಿ ಬಂದದ್ದು 1768ರಲ್ಲಿ. ಅವರ ವಾಡೆ, ಘಟ್ಟ, ಗುಡಿ ಎಲ್ಲ ಆಮೇಲಿನವು. ವಸಾಯಿ ಬಿದ್ದಾಗ ನಾನಾ ಇನ್ನೂ ಹುಟ್ಟಿಯೇ ಇರಲಿಲ್ಲ, ಅವರು ಹುಟ್ಟಿದ್ದು 1742ರಲ್ಲಿ. ನಾಸಿಕದ ನಾರೋಶಂಕರ ಗುಡಿ ಕಟ್ಟಿದ್ದು 1747ರಲ್ಲಿ, ಅಲ್ಲಿಯ ಗಂಟೆಯ ಮೇಲಿರುವ ಇಸವಿ 1721. ಊರ ಮಾತು ನಿಜವಾದರೆ, ಈ ಗಂಟೆಗಳು ಎಲ್ಲೋ ಒಂದು ಕಡೆ ಎಂಟು ವರ್ಷ, ಮೂವತ್ತು ವರ್ಷ ಬಿದ್ದುಕೊಂಡಿದ್ದವು ಅಂತಾಯಿತು. ಯಾರದೋ ಉಗ್ರಾಣದಲ್ಲಿ, ಯುದ್ಧದ ಮೇಲೆ ಯುದ್ಧ ಮಾಡುತ್ತಿದ್ದ, ತೋಪುಗಳಿಗಾಗಿ ಸದಾ ಹಪಹಪಿಸುತ್ತಿದ್ದ ಒಂದು ರಾಜ್ಯದಲ್ಲಿ! ನೂರಾರು ಕಿಲೋ ಶುದ್ಧ ಕಂಚು ಕಣ್ಣೆದುರೇ ಇದೆ. ಇನ್ನಷ್ಟು ತಾಮ್ರ ಬೆರೆಸಿದರೆ ತೋಪು ಸಿದ್ಧ. ತವರ ಅಂತೂ ನಮ್ಮಲ್ಲಿ ಹೇರಳವಾಗಿ ಸಿಗುವ ಲೋಹವೇ ಅಲ್ಲ. ತಾಮ್ರವಾದರೆ ರಾಜಸ್ಥಾನದ ಖೇತ್ರಿಯಲ್ಲಿದೆ, ನಮ್ಮ ಚಿತ್ರದುರ್ಗದ ಇಂಗಳದಾಳದಲ್ಲೂ ಇದೆ. ತವರ ಮಲಯದ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಅಂಥದ್ದರಲ್ಲಿ ಇವು ಕುಲುಮೆಗೆ ಹೋಗದೆ ಉಳಿದವು. ಮೇರಿ ಮಾತೆಯ ಚಿತ್ರವನ್ನೂ ಯಾರೂ ಅರ ಹಾಕಿ ಉಜ್ಜಿ ತೆಗೆಯಲಿಲ್ಲ.

ಇದು ಎಷ್ಟು ಅಪರೂಪ ಅನ್ನುವುದು ಗೊತ್ತಾಗಬೇಕಾದರೆ ಅದೇ ಕಾಲದ ಯುರೋಪನ್ನು ನೋಡಬೇಕು. 1700ರಲ್ಲಿ ನಾರ್ವಾ ಕದನದಲ್ಲಿ ಸ್ವೀಡನ್ನಿನವರಿಗೆ ತೋಪುಗಳನ್ನೆಲ್ಲ ಕಳೆದುಕೊಂಡ ರಷ್ಯಾದ ಪೀಟರ್ ದೊರೆ ಮಾಡಿದ್ದೇನು? ತನ್ನದೇ ದೇಶದ, ತನ್ನದೇ ಧರ್ಮದ ಚರ್ಚುಗಳ ಗಂಟೆಗಳನ್ನು ಇಳಿಸಿ ಕರಗಿಸಿ ತೋಪು ಹೊಯ್ಸಿದ. ಫ್ರಾನ್ಸಿನ ಕ್ರಾಂತಿಕಾರರು ಚರ್ಚಿನ ಗಂಟೆಗಳಿಂದ ಕಾಸೂ ಮಾಡಿದರು, ತೋಪೂ ಮಾಡಿದರು. ಗಂಟೆಯಲ್ಲಿ ತವರ ಜಾಸ್ತಿ ಇರುವುದರಿಂದ ಅದನ್ನು ಬೇರ್ಪಡಿಸುವುದು ಹೇಗೆ ಅಂತ ಅಲ್ಲಿಯ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರು ತಲೆ ಕೆಡಿಸಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಯುರೋಪಿನುದ್ದಕ್ಕೂ ಇಳಿಸಿಕೊಂಡ ಗಂಟೆಗಳ ಸಂಖ್ಯೆ ಅಂದಾಜು 1,75,000. ಅದರಲ್ಲಿ ಸುಮಾರು 1,50,000 ಮರಳಿ ಬರಲೇ ಇಲ್ಲ. ಉಳಿದವು ಹ್ಯಾಂಬರ್ಗಿನ ಬಂದರಿನಂಥ ಕಡೆ ರಾಶಿ ಬಿದ್ದಿದ್ದವು. ಆ ಜಾಗಕ್ಕೆ ಜನ ಇಟ್ಟ ಹೆಸರು 'ಗಂಟೆಗಳ ಸ್ಮಶಾನ'.

ತಿರುಗುಮುರುಗಾದದ್ದೂ ಉಂಟು. 1683ರಲ್ಲಿ ವಿಯೆನ್ನಾಕ್ಕೆ ಮುತ್ತಿಗೆ ಹಾಕಿ ಸೋತು ಹಿಂದಿರುಗಿದ ತುರ್ಕರು ಬಿಟ್ಟುಹೋದ ತೋಪುಗಳನ್ನು ಕರಗಿಸಿ ಅಲ್ಲಿನವರು 1711ರಲ್ಲಿ ಒಂದು ಭಾರೀ ಗಂಟೆ ಎರಕ ಹೊಯ್ದರು. ನಮ್ಮ ಮೇಣವಲಿ ಗಂಟೆಗಿಂತ ನಾಲ್ಕೇ ವರ್ಷ ಚಿಕ್ಕದು. 1945ರಲ್ಲಿ ಸೇಂಟ್ ಸ್ಟೀಫನ್ ಕೆಥೆಡ್ರಲ್ ಹೊತ್ತಿ ಉರಿದಾಗ ಅದು ಬಿದ್ದು ಚೂರಾಯಿತು. ಆ ಚೂರುಗಳನ್ನೇ ಸೇರಿಸಿ 1951ರಲ್ಲಿ ಹೊಸ ಗಂಟೆ ಮಾಡಿದರು. ತೋಪು, ಗಂಟೆ, ಮತ್ತೆ ಗಂಟೆ. ಒಂದೇ ಲೋಹಕ್ಕೆ ಮೂರು ಜನ್ಮ!

ಮೇಣವಲಿಯ ಮೆಟ್ಟಿಲು ತೊಳೆಯುವ ಕೃಷ್ಣೆಯೇ ಮುಂದೆ ಸಾಂಗ್ಲಿ ದಾಟಿ ನಮ್ಮ ಆಲಮಟ್ಟಿಗೆ ಹೋಗುತ್ತಾಳೆ. ಅಲ್ಲಿಯವರೆಗೆ ಹೋದ ಮೇಲೆ ವಿಜಯಪುರ ದೂರವಿಲ್ಲ. ಅಲ್ಲಿ ಕೋಟೆಯ ಬುರುಜಿನ ಮೇಲೆ ಕೂತಿರುವ 'ಮಲಿಕ್-ಎ-ಮೈದಾನ್' ತೋಪನ್ನು ಶಾಲೆಯ ಪ್ರವಾಸದಲ್ಲಿ ನೀವೂ ನೋಡಿರುತ್ತೀರಿ. ಸಿಂಹದ ಬಾಯಿಯಲ್ಲಿ ಆನೆ ಸಿಕ್ಕಿಕೊಂಡಿರುವ ಮೂತಿ, 55 ಟನ್ ತೂಕ. 1549ರಲ್ಲಿ ಅಹಮದ್‌ನಗರದಲ್ಲಿ (ಈಗಿನ ಅಹಿಲ್ಯಾನಗರ) ಮುಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಎರಕ ಹೊಯ್ದದ್ದು. 1632ರಲ್ಲಿ ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ಬಂತು. ಇದರ ಲೋಹವನ್ನು ಪರೀಕ್ಷಿಸಿದವರು ಕೊಟ್ಟ ಲೆಕ್ಕ: ಹೆಚ್ಚುಕಡಿಮೆ 80 ಪಾಲು ತಾಮ್ರ, 20 ಪಾಲು ತವರ.

ಲೆಕ್ಕ ನೋಡಿ ಏನನ್ನಿಸಿತು? ಇದು ತೋಪಿನ ಕಂಚಲ್ಲ, ಗಂಟೆಯ ಕಂಚು! ತಟ್ಟಿದರೆ ಗಂಟೆಯ ಹಾಗೆ ದನಿಗೊಡುತ್ತದೆ ಅಂತ ಹಳೆಯ ಪ್ರವಾಸಿಗರು ಬರೆದದ್ದು ಸುಮ್ಮನೆ ಅಲ್ಲ. ಗುಂಡು ಹಾರಿಸುವ ತೋಪಿಗೆ ಇಷ್ಟು ತವರ ಅಪಾಯವೇ, ಸಿಡಿದುಹೋಗಬಹುದು. ಇದರ ಗೋಡೆಯೇ ಮೊಳದಷ್ಟು ದಪ್ಪ ಇರುವುದರಿಂದ ತಡೆದುಕೊಂಡಿತೆಂದು ನನ್ನ ಊಹೆ. 55 ಟನ್ನಿಗೆ 20 ಪಾಲು ಅಂದರೆ ಹನ್ನೊಂದು ಟನ್ ತವರ. ಕಲಾಯಿಯವನ ಕಡ್ಡಿಯ ಲೆಕ್ಕದಲ್ಲಿ ಯೋಚಿಸಿ!

ಈಗ ಮುಖ್ಯ ವಿಷಯ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನು ಕೆಲಸಕ್ಕೆ ಬಾರದ ಹಳೇ ಸಾಮಾನು ಅಂತ ಹರಾಜಿಗೆ ಇಟ್ಟರು. ಬಂದ ಅತಿ ಹೆಚ್ಚಿನ ಸವಾಲು ಎಷ್ಟು ಗೊತ್ತೇ? 150 ರೂಪಾಯಿ. ಅಷ್ಟು ಕಡಿಮೆ ಹಣಕ್ಕೆ, ಅದೂ ಊರ ಜನ ಗೌರವದಿಂದ ನೋಡುವ ವಸ್ತುವನ್ನು ಮಾರುವುದು ಬೇಡವೆಂದು ಮಾರಾಟ ರದ್ದಾಯಿತು. ಆ ದಿನ ಕೊಂಡವನ ಗಾಡಿಗೆ ಏರಿದ್ದರೆ 1549ರ ಆ ಎರಕ ಯಾವುದೋ ಪಾತ್ರೆಪಗಡಿಯಾಗಿ ಹಂಚಿಹೋಗುತ್ತಿತ್ತು.

ಕಂಚಿನ ದೊಡ್ಡ ಶತ್ರು ಇದೇ. ಕಬ್ಬಿಣದ ಹಾಗೆ ತುಕ್ಕು ಹಿಡಿದು ಸಾಯುವುದಿಲ್ಲ, ಮರದ ಹಾಗೆ ಗೆದ್ದಲು ತಿನ್ನುವುದಿಲ್ಲ. ಅದಕ್ಕೆ ಯಾವಾಗಲೂ ಒಂದು ತೂಕ, ಆ ತೂಕಕ್ಕೆ ಒಂದು ಬೆಲೆ ಇದ್ದೇ ಇರುತ್ತದೆ. ಅದಕ್ಕೇ ಹಳೆಯ ಕಂಚು ಉಳಿಯುವುದು ಕಷ್ಟ. ಉಳಿದದ್ದೆಲ್ಲ ಯಾರೋ ಒಬ್ಬರು ತಕ್ಕಡಿಗೆ ಹಾಕಬೇಡಿ ಅಂದದ್ದರಿಂದ ಉಳಿದದ್ದು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಉಪನಗರದಲ್ಲಿ ನಮ್ಮೂರ ಕಡೆಯವರೇ ಸೇರಿ ಕಟ್ಟಿದ ಒಂದು ಗುಡಿಯಿದೆ. ಅಲ್ಲಿನ ಗಂಟೆ ಊರಿನಿಂದ ಬಂದದ್ದು. ಹೋಟೆಲಿನಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರು ಕೊಟ್ಟದ್ದು, ಅಂಚಿನಲ್ಲಿ ಅವರ ಹೆಸರು ಕನ್ನಡದಲ್ಲಿದೆ. ಕೆಲವು ವರ್ಷಗಳ ಹಿಂದೆ ಅದು ಸೀಳಿತು. ಸೀಳಿದ ಗಂಟೆಗೆ ಬೆಸುಗೆ ಹಾಕಿದರೆ ಸಾಮಾನ್ಯವಾಗಿ ಹಳೆಯ ನಾದ ಬರುವುದಿಲ್ಲ, ಕರಗಿಸಿ ಮತ್ತೆ ಹೊಯ್ಯುವುದೊಂದೇ ಹಿಂದಿನಿಂದ ಬಂದ ಮದ್ದು. ಸಮಿತಿಯವರು ಪಾತ್ರೆ ಅಂಗಡಿಗೆ ಹಳೆಯದನ್ನು ಕಿಲೋ ಲೆಕ್ಕದಲ್ಲಿ ಕೊಟ್ಟು, ಅಷ್ಟೇ ತೂಕದ ಹೊಸ ಹಿತ್ತಾಳೆ ಗಂಟೆ ತರುವುದೆಂದು ನಿಶ್ಚಯಿಸಿದರು. ಆರತಿಗೆ ಹೇಗೂ ಕರೆಂಟಿನ ನಗಾರಿ ಮೆಷಿನ್ ಬಂದಿದೆ, ಒಂದು ಸ್ವಿಚ್ಚು ಒತ್ತಿದರೆ ಆಯಿತು! "ಕಂಚು ಕೊಟ್ಟು ಹಿತ್ತಾಳೆ ತರುವುದು ಯಾವ ವ್ಯಾಪಾರ?" ಅಂತ ನಾನು ಕೇಳಿದೆ. ವ್ಯಾಪಾರದ ಭಾಷೆ ತಕ್ಷಣ ಅರ್ಥವಾಯಿತು. ಹೆಸರಿನ ಮಾತನ್ನು ಎತ್ತಿದ್ದು ಆ ಹಿರಿಯರ ಸೊಸೆ. "ಮಾವನವರ ಹೆಸರಿರುವುದು ಈ ಊರಲ್ಲಿ ಅದೊಂದರ ಮೇಲೆಯೇ" ಅಂದರು ಆಕೆ, ಅಷ್ಟೇ. ಹೊಸ ಗಂಟೆ ಬಂತು. ಹಳೆಯದು ಈಗ ಆಫೀಸಿನ ಮೂಲೆಯಲ್ಲಿ ಒಂದು ಮಣೆಯ ಮೇಲೆ ಕೂತಿದೆ, ಸೀಳು ಹಾಗೇ ಇದೆ. ಮತ್ತೆ ಹೊಯ್ಸಿದರೆ ನಾದ ಬಂದೀತು, ಅಕ್ಷರ ಹೋದೀತು. ಯಾವುದು ಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಅಂದಹಾಗೆ, ಮೇಣವಲಿ ಗಂಟೆಯ ಫೋಟೋವನ್ನು ನಾನು ವಸಾಯಿಯವನೇ ಆದ ನನ್ನ ಕ್ಯಾಥೊಲಿಕ್ ಸಹೋದ್ಯೋಗಿಗೆ ತೋರಿಸಿದ್ದೆ. ಗೆದ್ದವರ ಕಡೆ ಅದು ವಿಜಯದ ಗಂಟೆ, ಅವನ ಅಜ್ಜ ಮುತ್ತಜ್ಜಂದಿರ ಕಡೆ ಅದು ಕಳೆದುಹೋದ ಗಂಟೆ. ಏನನ್ನುತ್ತಾನೋ ಅಂತ ನನಗೆ ಸಣ್ಣ ಅಳುಕು. ಅವನು ಚಿತ್ರವನ್ನು ದೊಡ್ಡದು ಮಾಡಿ ಮೇರಿ ಮಾತೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಅಜೂನ್ ವಾಜತೇ ಕಾ?" ಇನ್ನೂ ಬಾರಿಸುತ್ತದಾ? "ಹ್ಞೂಂ" ಅಂದೆ.

ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಗುಡಿಯಲ್ಲಿ ಗಂಟೆ ಬಾರಿಸಿ ಮುಂದೆ ಹೋಗಿಬಿಡಬೇಡಿ, ಒಂದು ನಿಮಿಷ ಅದರ ಮೈ ನೋಡಿ. ಬೂದು ಛಾಯೆಯ, ಸಪ್ಪೆ ಹೊಳಪಿನ ಗಂಟೆಯಾದರೆ ಕಂಚು ಇರಬಹುದು. ಹಳದಿಯಾಗಿ ಫಳಫಳ ಅಂದರೆ ಬಹುಶಃ ಹಿತ್ತಾಳೆ. ಗೆಣ್ಣಿನಿಂದ ತಟ್ಟಿ, ನಾದ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಎಣಿಸಿ. ಅಂಚಿನಲ್ಲಿ, ಹೆಗಲಿನಲ್ಲಿ ಅಕ್ಷರ ಇದ್ದರೆ ಓದಿ, ಬರೆದಿಟ್ಟುಕೊಳ್ಳಿ, ಫೋಟೋ ತೆಗೆಯಿರಿ. ಕೊಟ್ಟವರ ಹೆಸರು, ಎರಕದವರ ಹೆಸರು, ಇಸವಿ, ಸಂವತ್ಸರ ಏನೂ ಇರಬಹುದು. ಊರ ಚರಿತ್ರೆಯಲ್ಲಿ ಬೇರೆಲ್ಲೂ ಬರೆಯದ ಒಂದು ಸಾಲು ಅಲ್ಲಿ ಸಿಕ್ಕೀತು. ಜೀರ್ಣೋದ್ಧಾರದ ರಸೀತಿ ಪುಸ್ತಕ ನಿಮ್ಮ ಮನೆ ಬಾಗಿಲಿಗೆ ಬಂದಾಗ, ಹಣ ಕೊಡುವ ಮೊದಲು ಹಳೆಯ ಗಂಟೆ ಏನಾಯಿತು ಅಂತ ಒಂದು ಮಾತು ಕೇಳಿ.